ಮಗಳು ‘ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ’ ಓದ್ತೀನಿ ಅಂತಾಳ, ಓದಿದವರು ಯಾರರ ಅದೀರೇನ್ರಿ?

ನವಲಗುಂದದ ರೈತ

ಎಲ್ಲಾರಿಗೂ ನಮಸ್ಕಾರ್ರಿ. ನಾನು ನವಲಗುಂದ ತಾಲ್ಲೂಕಿನವ. ಕಡ್ಲಿ, ಹತ್ತಿ, ಹೆಸರು ಬೆಳೀತೀನಿ. ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ, ಸಿಇಟಿ ಬರದಾಳ, ಕೃಷಿಕರ ಕೋಟಾದಾಗೂ ಅರ್ಜಿ ಹಾಕೀವಿ. ಬಿ.ಎಸ್ಸಿ. ಅಗ್ರಿ ಸಿಗೂ ಹಂಗ ಕಾಣಂಗಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಸಮುದಾಯ ವಿಜ್ಞಾನ ಸಿಗತೈತಿ ಅಂತಾರ. ಮೊದಲ ಇದಕ್ಕ ಗ್ರಾಮೀಣ ಗೃಹ ವಿಜ್ಞಾನ ಅಂತಿದ್ರು.

‘ಒಂದ ವರ್ಷ ಬಿಟ್ಟು ಮತ್ತ ಸಿಇಟಿ ಬರಿ’ ಅಂತ ನಾ ಹೇಳಿದೆ. ಆಕಿ ಕೇಳವಲ್ಲಳು. ಹೋದ ವರ್ಷ ಕೃಷಿ ಮೇಳಕ್ಕ ಕರಕೊಂಡು ಹೋಗಿದ್ದೆ. ನಾನು ಟ್ರ್ಯಾಕ್ಟರ್, ಬಿತ್ತೋ ಕೂರಿಗಿ ನೋಡಕೋತ ಹೋದೆ. ಈಕಿ ಆ ಕಾಲೇಜಿನ ಮಳಿಗಿ ಮುಂದ ನಿಂತಬಿಟ್ಟಿದ್ಲು. ಚಿಂದಿ ಅರಿವಿ, ತೆಂಗಿನ ಚಿಪ್ಪು, ಹುಣಸಿಪಕ್ಕದಾಗ ಮಾಡಿದ ಆಟಗಿ ಸಾಮಾನು ಇಟ್ಟಿದ್ರಂತ. ಯಾವ ವಯಸ್ಸಿನ ಕೂಸಿಗೆ ಯಾವುದು, ಯಾಕ ಅಂತ ಅಲ್ಲಿ ಹುಡಿಗ್ಯಾರು ಹೇಳತಿದ್ರು. ಅವತ್ತಿಂದ ಇದನ್ನ ಓದಬೇಕು, ಮುಂದ ಎಂ.ಎಸ್ಸಿ.ಗೆ ‘ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ’ ತಗೋಬೇಕು ಅಂತ ಹಿಡದಾಳ.

ಮನ್ಯಾಗ ಯಾರೂ ಒಪ್ಪವಲ್ಲರು. ನಮ್ಮವ್ವ ಅಂತೂ ‘ನಾ ಎಂಟ ಹಡದು ಆರ ಉಳಿಸೀನಿ, ನನಗ್ಯಾವ ಡಿಗ್ರಿ ಐತಿ? ಹುಡುಗರನ್ನ ಬೆಳಸೂದು ಕಲಿಯಾಕ ಕಾಲೇಜಿಗೆ ರೊಕ್ಕ ಕಟ್ಟತಿಯೇನು?’ ಅಂತ ಕೇಳತಾಳ. ನನ್ನ ಹತ್ರ ಉತ್ತರ ಇಲ್ಲ. ಏನು ಓದಿಸ್ತಾರ, ಮುಂದ ಹೊಟ್ಟಿಪಾಡು ಏನು, ಇಷ್ಟ ಸಣ್ಣ ವಿಭಾಗದಾಗ ಓದಿದ್ರ ಮಗಳ ಭವಿಷ್ಯಕ್ಕ ಪೆಟ್ಟು ಬೀಳತೈತೇನು, ಬಲ್ಲವರು ಹೇಳ್ರಿ.

ಹಾವೇರಿ ಹುಡುಗ

ಅಣ್ಣಾರ, ನಮ್ಮ ಕಾಕಾನ ಮಗಳು ಗೃಹ ವಿಜ್ಞಾನ ಮಾಡ್ಯಾಳ. ಊರಾಗ ಎಲ್ಲಾರೂ ‘ಅಡಿಗಿ ಕಾಲೇಜು’ ಅಂತ ಕರದು ಕರದು ಆಕಿಗೇ ಬ್ಯಾಸರ ಆಗಿತ್ತು. ಈಗ ಬ್ಯಾಂಕ್ ಪರೀಕ್ಷಾ ಬರಿಯಾಕತ್ಯಾಳ. ನರ್ಸಿಂಗ್ ಹಾಕ್ರಿ, ಕೆಲಸ ಗ್ಯಾರಂಟಿ. ಮನಸಿಗೆ ನೋವಾದ್ರ ಕ್ಷಮಿಸ್ರಿ, ಕಂಡದ್ದು ಹೇಳಿದೆ.

ಅಂಗನವಾಡಿ ಅಕ್ಕ, ಗದಗ

ಅಣ್ಣಾರ, ನಾ ಇದನ್ನ ಓದಿದಾಕಿ. ಈಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೊಳಗ ಮೇಲ್ವಿಚಾರಕಿ. ನನ್ನ ವೃತ್ತದಾಗ ಇಪ್ಪತ್ತಕ್ಕೂ ಹೆಚ್ಚು ಅಂಗನವಾಡಿ ಅದಾವ. ಉದ್ದ ಬರೀತೀನಿ, ಪುರಸೊತ್ತಿನಾಗ ಓದ್ರಿ.

ಬಿ.ಎಸ್ಸಿ. ನಾಕ ವರ್ಷದ್ದು. ಅದರಾಗ ಬರೀ ಮಕ್ಕಳ ವಿಷಯ ಇರಂಗಿಲ್ಲ. ಆಹಾರ ಮತ್ತು ಪೋಷಣೆ, ಜವಳಿ, ಮನಿ ಸಂಪನ್ಮೂಲದ ನಿರ್ವಹಣೆ, ವಿಸ್ತರಣೆ (ಕಲಿತದ್ದನ್ನ ಹಳ್ಳಿ ಮಂದಿಗೆ ಮುಟ್ಟಿಸೂದು) ಎಲ್ಲಾ ಓದಬೇಕು. ಮಾನವ ಅಭಿವೃದ್ಧಿ ಅದರಾಗ ಒಂದು ಪಾಲು. ಕಡೀ ವರ್ಷ ಹಳ್ಳಿಯೊಳಗ ಉಳಿದು ಕೆಲಸ ಕಲಿಯೂದು ಇರತೈತಿ, ‘ರಾವೆ’ ಅಂತಾರ. ಆಳವಾಗಿ ಓದೂದು ಎಂ.ಎಸ್ಸಿ.ಯೊಳಗ. ಬಸಿರಿನಿಂದ ಹಿಡದು ಮುಪ್ಪಿನ ತನಕ ಮನಷ್ಯಾ ಹೆಂಗ ಬೆಳೀತಾನ, ಮನಿ ಅವನನ್ನ ಹೆಂಗ ಕಟ್ಟತೈತಿ, ಹೆಂಗ ಕೆಡಸತೈತಿ ಅನ್ನೂದು ಅಲ್ಲಿ ಬರತೈತಿ.

ಆದ್ರ ಪಠ್ಯದ ಪಟ್ಟಿ ಹೇಳಿದ್ರ ನಿಮಗ ಏನೂ ತಿಳಿಯಂಗಿಲ್ಲ. ಒಂದ ದಿವಸದ ಮಾತು ಹೇಳತೀನಿ. ನಮ್ಮನ್ನ ಮೊದಲನೇ ಸಲ ಲ್ಯಾಬ್ ನರ್ಸರಿಗೆ ಕಳಿಸಿದ್ರು. ಅದು ನಮ್ಮ ವಿಭಾಗದವರ ನಡಸೋ ಶಿಶುವಿಹಾರ. ಕೆಲಸ ಇಷ್ಟ: ಒಂದು ಮಗುವನ್ನ ಇಪ್ಪತ್ತು ನಿಮಿಷ ನೋಡೂದು, ಕಂಡದ್ದು ಬರಿಯೂದು. ಮಾತಾಡ್ಸಂಗಿಲ್ಲ, ಎತ್ತಿಕೊಳ್ಳಂಗಿಲ್ಲ. ನಾ ಬರದೆ, ‘ಮಗು ಹಟಮಾರಿ. ಬೇರೆ ಮಕ್ಕಳಿಗೆ ಆಟಿಕೆ ಕೊಡುವುದಿಲ್ಲ.’ ಮ್ಯಾಡಮ್ ಎರಡೂ ಸಾಲಿಗೆ ಕೆಂಪು ಗೆರಿ ಹೊಡದು ಬಾಜೂಕ ಬರದ್ರು, ‘ಹಟಮಾರಿತನ ಯಾವ ಕೈಯಲ್ಲಿತ್ತು?’

ಮರುದಿವಸ ಮತ್ತ ಕುಂತೆ. ಆ ನೋಟ್‌ಬುಕ್ ಇನ್ನೂ ಇಟ್ಟೀನಿ. ‘10:12. ಕೆಂಪು ಬ್ಲಾಕ್ ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದಾನೆ. ಬಾಗಿಲ ಕಡೆ ನೋಡಿದ. 10:14. ಹುಡುಗಿ ಕೈ ಚಾಚಿದಳು. ಬೆನ್ನು ತಿರುಗಿಸಿದ. 10:15. ಮತ್ತೆ ಬಾಗಿಲು ನೋಡಿದ.’ ಇಪ್ಪತ್ತು ನಿಮಿಷದಾಗ ಹನ್ನೊಂದು ಸಲ ಬಾಗಲಾ ನೋಡಿದ್ದ. ಆಮ್ಯಾಲೆ ಟೀಚರ್‌ಗೆ ಕೇಳಿದ್ರ ಅಂವ ಶಾಲಿಗೆ ಬಂದು ಅದು ಮೂರನೇ ದಿವಸ ಅಂದ್ರು. ಬೆಳಿಗ್ಗೆ ಅವರವ್ವ ಬಿಟ್ಟು ಹೋಗೂಮುಂದ ಆ ಬ್ಲಾಕ್ ಕೈಯಾಗ ಕೊಟ್ಟು ಹೋಗಿದ್ಲು.

ಆ ವಿದ್ಯಾ ನನಗ ಎಲ್ಲಿ ಉಪಯೋಗಕ್ಕ ಬಂತು ಅಂದ್ರ, ನನ್ನ ವೃತ್ತದ ಒಂದು ಊರಾಗ ಎರಡೂವರಿ ವರ್ಷದ ಕೂಸು ಇತ್ತು. ಮಾತ ಬಂದಿರಲಿಲ್ಲ. ‘ಅವರ ಮುತ್ಯಾನೂ ನಾಕ ವರ್ಷಕ್ಕ ಮಾತಾಡಿದ್ದ, ಬರತೈತಿ ಬಿಡ್ರಿ’ ಅಂತ ಮನಿಯವರು ಹೇಳತಿದ್ರು. ನಾ ಅಂಗನವಾಡಿಯೊಳಗ ಅರ್ಧ ತಾಸು ಗ್ವಾಡಿಗೆ ಕುಂತೆ. ಒಳಗ ಸಹಾಯಕಿ ಕುಕ್ಕರ್ ಇಟ್ಟಿದ್ಲು. ಸೀಟಿ ಹೊಡೀತು. ಎಲ್ಲಾ ಮಕ್ಕಳೂ ತಿರಗಿದ್ವು. ಈ ಕೂಸು ಮೊದಲ ಆ ಮಕ್ಕಳ ಮಕ ನೋಡ್ತು, ಆಮ್ಯಾಲೆ ಅವು ನೋಡೋ ಕಡೆ ತಿರಗಿತು. ಎರಡನೇ ಸೀಟಿಗೂ ಹಂಗ.

ನಾ ಕಿವಿ ಡಾಕ್ಟರ್ ಅಲ್ಲ. ಮಕ್ಕಳ ಆರೋಗ್ಯ ತಪಾಸಣಾ ಮಾಡೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕ ಹೇಳಿದೆ, ಅವರು ಜಿಲ್ಲಾ ಆಸ್ಪತ್ರಿಗೆ ಕಳಿಸಿದ್ರು, ಪರೀಕ್ಷಾ ಆತು. ಎರಡೂ ಕಿವಿ ಮಂದ ಇದ್ವು. ಈಗ ಮಷಿನ್ ಹಾಕ್ಯಾರ, ಮಾತಿನ ತರಬೇತಿಗೆ ಹೋಗತೈತಿ. ‘ಅವ್ವ’ ಅಂತೈತಿ.

ಇನ್ನ ನಿಮ್ಮ ತಾಯಿಯವರ ಮಾತಿಗೆ. ಅಜ್ಜಿಗೆ ನನ್ನ ನಮಸ್ಕಾರ ಹೇಳ್ರಿ. ಆರ ಮಂದೀನ್ನ ಉಳಿಸಿದ್ದು ಸಣ್ಣ ಮಾತಲ್ಲ, ನಮ್ಮ ಪುಸ್ತಕದಾಗ ಇರದ ಎಷ್ಟೋ ಸಂಗತಿ ಅವರಿಗೆ ಗೊತ್ತಿರತೈತಿ. ಆದ್ರ ಎಂಟ ಹಡದೆ ಅಂದ್ರಲ್ಲ, ಆ ಇನ್ನೆರಡು ಕೂಸು ಹೆಂಗ ಹೋದವು ಅಂತ ನಿಮ್ಮ ಮಗಳು ಒಮ್ಮೆ ಅಜ್ಜಿ ಹತ್ರ ಕುಂತು ಕೇಳಲಿ. ಜಗಳಕ್ಕ ಕೇಳೂದು ಬ್ಯಾಡ. ಸುಮ್ಮನ ಕೇಳಿ, ಅಜ್ಜಿ ಹೇಳಿದ ಹಂಗ ಬರಕೊಳ್ಳಲಿ.

ನಿವೃತ್ತ ಮೇಷ್ಟ್ರು, ಧಾರವಾಡ

ಮಕ್ಕಳ ಬೆಳವಣಿಗೆ ಹೇಳಿಕೊಡುವ ವಿಭಾಗ ಕೃಷಿ ವಿಶ್ವವಿದ್ಯಾಲಯದ ಒಳಗೆ ಏಕಿದೆ ಎಂದು ನನ್ನನ್ನು ಎಷ್ಟೋ ಪೋಷಕರು ಕೇಳಿದ್ದಾರೆ. ಅದಕ್ಕೊಂದು ಹಿನ್ನೆಲೆ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳನ್ನು ಅಮೆರಿಕದ ಲ್ಯಾಂಡ್ ಗ್ರಾಂಟ್ (ಸರ್ಕಾರ ಕೊಟ್ಟ ಜಮೀನಿನ ನೆರವಿನಿಂದ ಕಟ್ಟಿದ) ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ಕಟ್ಟಿದರು. 1960ರಲ್ಲಿ ಉತ್ತರ ಭಾರತದ ಪಂತನಗರದ್ದು ಬಂತು. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮದು ಶುರುವಾದಾಗ ಟೆನೆಸಿ ವಿಶ್ವವಿದ್ಯಾಲಯದವರು ನೆರವಾಗಿದ್ದರು. ಆ ದೇಶದಲ್ಲಿ 1914ರ ಸ್ಮಿತ್ ಲೀವರ್ ಕಾಯ್ದೆಯಲ್ಲೇ ಬೇಸಾಯ ಮತ್ತು ಗೃಹ ಅರ್ಥಶಾಸ್ತ್ರ ಎರಡನ್ನೂ ಹಳ್ಳಿಗೆ ಮುಟ್ಟಿಸಬೇಕು ಎಂದು ಜೊತೆಜೊತೆಗೆ ಬರೆದಿದ್ದರು. ರೈತನ ಹೊಲ ಸುಧಾರಿಸಿ ಮನೆ ಹಾಗೇ ಉಳಿದರೆ ಅರ್ಧ ಕೆಲಸವಾದಂತೆ ಎಂಬ ತಿಳಿವಳಿಕೆ ಅದು. ಧಾರವಾಡದ ಗೃಹ ವಿಜ್ಞಾನ ಕಾಲೇಜಿನ ಹುಟ್ಟಿಗೂ ಅದೇ ತಿಳಿವಳಿಕೆ ಬುನಾದಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೆಂಗಳೂರಿನಿಂದ ಬೇರೆಯಾದದ್ದು 1986ರಲ್ಲಿ.

ಇದರ ಇನ್ನೊಂದು ಬೇರು ಬರೋಡದಲ್ಲಿದೆ. ಅಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಹಂಸಾ ಮೆಹ್ತಾ ಕುಲಪತಿಗಳಾಗಿದ್ದರು. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ಬದಲಿಸಲು ಹಟ ಹಿಡಿದು ಗೆದ್ದವರು ಅವರೇ. ಅಂಥವರು ಗೃಹ ವಿಜ್ಞಾನಕ್ಕೆ ಬೆನ್ನೆಲುಬಾಗಿ ನಿಂತರು. ‘ಅಡಿಗಿ ಕಾಲೇಜು’ ಅಂದವರಿಗೆ ನಾನು ಈ ಹೆಸರನ್ನು ನೆನಪಿಸುತ್ತಾ ಬಂದಿದ್ದೇನೆ.

ಮಗುವನ್ನು ಅಳೆಯುವ ಮಾಪನ ಪಶ್ಚಿಮದಿಂದ ಬಂದಾಗ ಅದನ್ನು ನಮ್ಮ ಕೂಸುಗಳ ಮೇಲೆ ಹಾಗೇ ಹೇರಬಾರದು ಎಂದು ಪ್ರಮಿಳಾ ಫಾಟಕ್ ಬರೋಡದ ಶಿಶುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅದರಿಂದ ಬಂದದ್ದೇ ‘ಡಾಸಿ’ ಮಾಪನ. ಹುಟ್ಟಿನಿಂದ 30 ತಿಂಗಳವರೆಗಿನ ಮಕ್ಕಳಿಗೆ, ಚಲನೆಗೆ ಸಂಬಂಧಿಸಿದ 67 ಅಂಶ, ಬುದ್ಧಿಗೆ ಸಂಬಂಧಿಸಿದ 163 ಅಂಶ. ಗಂಟೆಯ ಸದ್ದಿಗೆ ತಿರುಗುತ್ತದೆಯೇ, ಬಟ್ಟೆಯಡಿ ಬಚ್ಚಿಟ್ಟ ವಸ್ತುವನ್ನು ಹುಡುಕುತ್ತದೆಯೇ, ಇಂಥವು. ಗದಗದ ತಂಗಿಯ ಕುಕ್ಕರ್ ಸೀಟಿಯ ಪ್ರಸಂಗ ಓದಿ ನನಗೆ ಕಣ್ಣು ತುಂಬಿತು. ಮಾಪನದ ಪೆಟ್ಟಿಗೆಯೊಳಗಿನ ಗಂಟೆ ಇಲ್ಲದಿದ್ದರೂ ನೋಡಬೇಕಾದದ್ದನ್ನು ಅವರು ನೋಡಿದರು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇವತ್ತು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಈಚೆಗೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಇಷ್ಟೆಲ್ಲ ಕಡೆ ಕೂಸುಗಳಿವೆ. ಅವನ್ನು ನೋಡಲು ಕಲಿತವರು ಎಷ್ಟು ಜನ ಇದ್ದಾರೆ?

ಮೈಸೂರಿನ ಮನೋವಿಜ್ಞಾನಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಈ ಕೋರ್ಸ್ ಏನು ಕೊಡುವುದಿಲ್ಲ ಎಂಬುದನ್ನೂ ಆ ಹುಡುಗಿ ಈಗಲೇ ತಿಳಿದಿರಬೇಕು.

ಎಂ.ಎಸ್ಸಿ. ಮುಗಿಸಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಮನಃಶಾಸ್ತ್ರದ ಓದು, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಬೇಕು. 1992ರ ಕಾಯ್ದೆಯೇ ಇದೆ. ವಿಶೇಷ ಶಿಕ್ಷಕರಾಗುವುದಕ್ಕೂ ಅದೇ ಪರಿಷತ್ತಿನ ನೋಂದಣಿ ಬೇಕು. ಈ ಪದವಿಯ ಬಲದ ಮೇಲೆ ಬೋರ್ಡ್ ಹಾಕಿಕೊಂಡು ಆಟಿಸಂ ಇದೆ, ಇಲ್ಲ ಎಂದು ಬರೆದುಕೊಡುವವರನ್ನು ನಾನು ಕಂಡಿದ್ದೇನೆ. ಒಂದು ಕುಟುಂಬ ಹಾಗೆ ಎರಡು ವರ್ಷ ಕಳೆದುಕೊಂಡು ನನ್ನ ಹತ್ತಿರ ಬಂದಿತ್ತು. ಆ ಮಗುವಿಗೆ ಆಗ ಐದು ವರ್ಷ. ಆ ಎರಡು ವರ್ಷವನ್ನು ಯಾರೂ ವಾಪಸ್ ತಂದುಕೊಡಲಾರರು. ಅದಕ್ಕೇ ಗದಗದ ಅಕ್ಕ ‘ನಾ ಕಿವಿ ಡಾಕ್ಟರ್ ಅಲ್ಲ’ ಎಂದು ಬರೆದ ಸಾಲನ್ನು ನಾನು ಎರಡು ಸಲ ಓದಿದೆ.

ಹಾಗಾದರೆ ದಾರಿ ಯಾವುದು? ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಅದರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಗೃಹ ವಿಜ್ಞಾನ ಎಂಬ ವಿಷಯವಿದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಮೇಲ್ವಿಚಾರಕಿ ಹುದ್ದೆಗಳು ಕರೆದಾಗ ಸ್ಪರ್ಧಾ ಪರೀಕ್ಷೆ ಬರೆಯಬೇಕು, ಪ್ರತಿ ಸಲವೂ ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಕಣ್ಣಿಟ್ಟು ಓದಬೇಕು. ಮಕ್ಕಳ ರಕ್ಷಣಾ ಘಟಕ, ಶಿಶುವಿಹಾರ, ವೃದ್ಧರ ಆರೈಕೆ, ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಗಳು ಇವೆ. ಸಂಬಳ ಶುರುವಿನಲ್ಲಿ ಕಡಿಮೆ, ಗುತ್ತಿಗೆ ಕೆಲಸವೇ ಜಾಸ್ತಿ. ಇದನ್ನು ಅಪ್ಪ ಮಗಳು ಇಬ್ಬರೂ ಕೂತು ಮಾತಾಡಿಕೊಳ್ಳಿ.

ಅಯೋವಾದಿಂದ ಕನ್ನಡತಿ

ನಾನಿರುವ ಊರಿನ ಅಯೋವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇದೇ ಹೆಸರಿನ ವಿಭಾಗವಿದೆ, ಅಲ್ಲೂ ಲ್ಯಾಬ್ ಶಾಲೆ ನಡೆಸುತ್ತಾರೆ. ನನ್ನ ಮಗ ಅಲ್ಲಿಗೆ ಹೋಗುತ್ತಿದ್ದ. ಸೇರಿಸುವಾಗ ಒಂದು ಫಾರ್ಮ್‌ನಲ್ಲಿ ‘ಮಗುವನ್ನು ಮುಖ್ಯವಾಗಿ ನೋಡಿಕೊಳ್ಳುವವರು ಯಾರು’ ಎಂದು ಕೇಳಿದ್ದರು, ಒಂದೇ ಹೆಸರಿಗೆ ಜಾಗ. ಆಗ ನಮ್ಮತ್ತೆ, ನಮ್ಮಮ್ಮ ಸರದಿಯ ಮೇಲೆ ಬಂದು ಆರಾರು ತಿಂಗಳು ಇದ್ದುಹೋಗುತ್ತಿದ್ದರು. ನಾನು ನಾಲ್ಕು ಹೆಸರು ಒತ್ತೊತ್ತಾಗಿ ಬರೆದೆ. ಅಲ್ಲಿಯ ಟೀಚರ್ ಅದನ್ನು ನೋಡಿ ನನ್ನನ್ನು ಕೂರಿಸಿಕೊಂಡು ಒಂದು ಗಂಟೆ ಕೇಳಿದರು. ಇಲ್ಲಿ ಯಾರೂ ಇದನ್ನು ಅಡುಗೆ ಕೋರ್ಸ್ ಅನ್ನುವುದಿಲ್ಲ ಎಂದು ನಿಮ್ಮ ಮಗಳಿಗೆ ಹೇಳಿ.

ಅಂಕಲ್ ಟೀಚರ್

ಸರ್, ನಾನು ಎಂ.ಎಸ್ಸಿ. ಎರಡನೇ ವರ್ಷ, ಇದೇ ವಿಷಯ. ನಮ್ಮ ಬ್ಯಾಚಿನಾಗ ಗಂಡು ಹುಡುಗ ನಾನೊಬ್ಬನ. ನರ್ಸರಿ ಮಕ್ಕಳು ನನಗ ‘ಅಂಕಲ್ ಟೀಚರ್’ ಅಂತ ಕರೀತಾವ. ಅದನ್ನ ಇಲ್ಲಿ ಹೆಸರು ಇಟಗೊಂಡೀನಿ.

ನೀವು ಸಣ್ಣ ವಿಭಾಗ ಅಂತ ಕೇಳಿದ್ರಿ. ನಾ ಓದೋದು ಬೇರೆ ರಾಜ್ಯದಾಗ, ಹೆಸರು ಬ್ಯಾಡ. ಕಷ್ಟ ಅದಾವ. ಇಬ್ಬರ ಪೂರ್ಣ ಪ್ರಮಾಣದ ಪ್ರಾಧ್ಯಾಪಕರು, ಉಳಿದವರು ಅತಿಥಿ ಉಪನ್ಯಾಸಕರು. ಒಬ್ಬ ಮ್ಯಾಡಮ್ ಸೆಮಿಸ್ಟರ್ ನಡುವ ಬಿಟ್ಟು ಹೋದ್ರು, ವೃದ್ಧಾಪ್ಯದ ಪೇಪರ್ ಎರಡು ತಿಂಗಳು ಯಾರೂ ತಗೊಳ್ಳಲಿಲ್ಲ. ಪುಸ್ತಕ ಎಲ್ಲಾ ಇಂಗ್ಲಿಷಿನ್ಯಾವು, ಅದರಾಗಿನ ಮಕ್ಕಳು ಬ್ಯಾರೆ ಕೋಣ್ಯಾಗ ಒಬ್ಬಬ್ಬರ ಮಲಗತಾವ. ಬೆಳವಣಿಗಿ ಸಿದ್ಧಾಂತ ಬರದ ಪಿಯಾಜೆ, ವೈಗಾಟ್ಸ್ಕಿ, ಎರಿಕ್ಸನ್ನನ ಎಂಟು ಹಂತ, ಬ್ರಾನ್‌ಫೆನ್‌ಬ್ರೆನ್ನರ್ ಎಲ್ಲಾ ಬಾಯಿಪಾಠ ಆಗತೈತಿ, ನಮ್ಮ ಮನಿಗೆ ಹಚ್ಚಿ ನೋಡೂದು ನಮಗ ಬಿಟ್ಟಿದ್ದು.

ಆದ್ರ ನಾವು ಒಂಬತ್ತ ಮಂದಿ. ಅದಕ್ಕ ನನಗ ಒಂದು ಲಾಭ ಆತು. ನನ್ನ ಸಂಶೋಧನೆ ಊರಾಗಿನ ವಯಸ್ಸಾದ ಹೆಣ್ಣುಮಕ್ಕಳ ಮ್ಯಾಲೆ. ಎಂಎಗೆ ಸೇರಿದ ನನ್ನ ಗೆಳೆಯಾರ ಗೈಡ್ ತಿಂಗಳಿಗೆ ಒಮ್ಮೆ ಸಿಗತಾರ. ನಮ್ಮ ಮ್ಯಾಡಮ್ ನನ್ನ ಜೋಡಿ ಬಸ್ ಹತ್ತಿ ನಮ್ಮ ಊರಿಗೇ ಬಂದ್ರು, ವಿಜಾಪುರ ಜಿಲ್ಲಾದ ಇಂಡಿ ತಾಲ್ಲೂಕಿಗೆ. ನಾ ಪ್ರಶ್ನಾವಳಿ ತಗದು ಒಬ್ಬಾಕಿ ಆಯಿಗೆ ಓದಿದೆ: ‘ಮನೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಸ್ವಾತಂತ್ರ್ಯ ನಿಮಗೆ ಎಷ್ಟರಮಟ್ಟಿಗೆ ಇದೆ? ಬಹಳ, ಸ್ವಲ್ಪ, ಇಲ್ಲವೇ ಇಲ್ಲ.’ ಆಯಿ ನನ್ನ ಮಕ ನೋಡಿ ‘ಚಾ ಕುಡೀತಿಯೇನಪಾ?’ ಅಂದ್ಲು. ಪ್ರಶ್ನೆ ಅಕಿನ್ನ ಮುಟ್ಟೇ ಇರಲಿಲ್ಲ.

ಮ್ಯಾಡಮ್ ಕಾಗದ ನನ್ನ ಕೈಯಿಂದ ಇಸಗೊಂಡು ಬಾಜೂಕ ಇಟ್ರು. ಅವರು ಕೇಳಿದ್ದು, ‘ಆಯಿ, ಟ್ರೆಜರಿ ಕಪಾಟಿನ ಕೀಲಿ ಯಾರ ಹತ್ರ ಇರತೈತ್ರಿ?’ ಆಯಿ ಒಂದ ಕ್ಷಣ ಸುಮ್ಮನಾಗಿ ಸೊಂಟಕ್ಕ ಕೈ ಹಚ್ಚಿದ್ಲು. ಅಲ್ಲಿ ಬರೀ ಉಡದಾರ ಇತ್ತು. ‘ಮೊದಲ ಇಲ್ಲಿ ಇರತಿತ್ತು. ಹೋದ ದೀಪಾವಳಿಗೆ ಸೊಸಿಗೆ ಕೊಟ್ಟೆ. ನಾನ ಕೊಟ್ಟೆ, ಆಕಿ ಕೇಳಿಲ್ಲ. ಆದ್ರ ಈಗ ಸಂತಿಗೆ ರೊಕ್ಕ ಬೇಕಾದ್ರ ನಿಂತು ಕೇಳಬೇಕು ನೋಡವಾ’ ಅಂದು ಮಾತು ಶುರು ಮಾಡಿದಾಕಿ ಎರಡು ತಾಸು ಬಿಡಲಿಲ್ಲ. ಆ ಎರಡು ತಾಸಿನ ಮಾತು ನನ್ನ ಪ್ರಬಂಧದ ಮೂರನೇ ಅಧ್ಯಾಯ ಆಗೈತಿ.

ಧಾರವಾಡಕ್ಕ ಹೋಗೂದಿದ್ರ ಒಂದ ಕೆಲಸ ಮಾಡ್ರಿ. ಸೀಟ್ ತಗೊಳ್ಳೂ ಮೊದಲ ಖುದ್ದು ಹೋಗಿ ಅಲ್ಲಿ ಓದೂ ಹುಡಿಗ್ಯಾರಿಗೆ ಕೇಳ್ರಿ: ಗೈಡ್ ಹಳ್ಳಿಗೆ ಬರತಾರೋ ಇಲ್ಲೋ, ನರ್ಸರಿ ದಿನಾ ನಡೀತೈತೋ ಇಲ್ಲೋ. ಕಟ್ಟಡ, ಗಾರ್ಡನ್ ಎಲ್ಲಾ ಆಮ್ಯಾಲೆ.

ಹಾವೇರಿ ಹುಡುಗ

ಟ್ರೆಜರಿ ಕೀಲಿ ಮಾತು ಓದಿ ನಮ್ಮಜ್ಜಿ ನೆನಪಾದ್ಲು. ಕಾಕಾನ ಮಗಳಿಗೆ ಈ ಚರ್ಚಾ ಕಳಿಸೀನಿ. ‘ಯಾರೂ ಒಮ್ಮೆಯೂ ನನಗ ಏನ್ ಓದಿದಿ ಅಂತ ಕೇಳಲಿಲ್ಲ’ ಅಂದ್ಲು. ನಾನೂ ಕೇಳಿರಲಿಲ್ಲ.

ನವಲಗುಂದದ ರೈತ

ಎಲ್ಲಾರಿಗೂ ಮತ್ತ ನಮಸ್ಕಾರ್ರಿ. ವಾರದಿಂದ ಬಿತ್ತಿಗಿ ಗದ್ದಲದಾಗ ಬರಿಯಾಕ ಆಗಲಿಲ್ಲ. ನಿಮ್ಮ ಬರಹ ಎಲ್ಲಾ ಮಗಳು ರಾತ್ರಿ ಮನ್ಯಾಗ ಓದಿ ಹೇಳಿದ್ಲು, ನಮ್ಮವ್ವನೂ ಕೇಳಿದ್ಲು.

ಮಂಗಳವಾರ ಇಬ್ಬರೂ ಧಾರವಾಡಕ್ಕ ಹೋಗಿದ್ವಿ. ವಿಜಾಪುರದ ತಮ್ಮ ಹೇಳಿದ ಹಂಗ ಅಲ್ಲಿ ಹುಡಿಗ್ಯಾರಿಗೆ ಕೇಳಿದ್ವಿ. ಮಗಳಿಗೆ ಸಮಾಧಾನ ಆತು. ಮನೋವಿಜ್ಞಾನಿ ಸಾಹೇಬರು ಬರದಿದ್ದನ್ನೂ ಆಕಿ ಮುಂದ ಇಟ್ಟೆ. ‘ಬೋರ್ಡ್ ಹಾಕಂಗಿಲ್ಲಪ್ಪಾ, ಮೇಲ್ವಿಚಾರಕಿ ಪರೀಕ್ಷಾ ಬರೀತೀನಿ, ಆಗಲಿಲ್ಲಂದ್ರ ವಿಶೇಷ ಶಿಕ್ಷಣ ಮಾಡತೀನಿ’ ಅಂದ್ಲು. ಸಂಬಳದ ಚಿಂತಿ ನನಗ ಇನ್ನೂ ಐತಿ, ಸುಳ್ಳ ಹೇಳಂಗಿಲ್ಲ.

ಆದ್ರ ಬರೀಬೇಕಾದ್ದು ಬ್ಯಾರೆ ಐತಿ. ಗದಗದ ಅಕ್ಕಾರು ಹೇಳಿದ್ದನ್ನ ಮಗಳು ಮಾಡಿದ್ಲು. ಅಮಾಸಿ ದಿವಸ ಮಧ್ಯಾಹ್ನ ಅಜ್ಜಿ ಮಗ್ಗಲದಾಗ ನೋಟ್‌ಬುಕ್ ಹಿಡಕೊಂಡು ಕುಂತ್ಲು. ನಾ ಪಡಸಾಲ್ಯಾಗ ಅಡ್ಡಾಗಿದ್ದೆ, ಕಿವಿಗೆ ಬೀಳತಿತ್ತು. ಮೊದಲನೇದು ಹುಟ್ಟಿದ ಒಂಬತ್ತನೇ ದಿವಸ ಹಾಲು ಕುಡಿಯೂದು ಬಿಟ್ಟಿತಂತ. ಇನ್ನೊಂದು ಹೆಣ್ಣು, ಎರಡು ವರ್ಷದ್ದು, ವಾಂತಿ ಭೇದಿ ಆಗಿ ಒಂದ ರಾತ್ರಿಯೊಳಗ ಹೋತು. ‘ನೀರು ಕೊಡಬ್ಯಾಡ್ರಿ ಅಂದ್ರು, ಕೊಡಲಿಲ್ಲ. ನೀರ ನೀರ ಅಂತಿತ್ತು’ ಅಂದ್ಲು ನಮ್ಮವ್ವ. ಹೆಸರು ಶಾಂತವ್ವ ಅಂತ ಇಟ್ಟಿದ್ರಂತ. ನನಗೀಗ ಐವತ್ತೆರಡು ವರ್ಷ. ನನಗ ಹಂತಾ ಅಕ್ಕ ಒಬ್ಬಾಕಿ ಇದ್ಲು ಅಂತ ಮೊದಲನೇ ಸಲ ಕೇಳಿದೆ.

ಮಗಳು ಏನೂ ಅನ್ನಲಿಲ್ಲ. ಅಜ್ಜಿ ಹೇಳಿದ ಹಂಗ ಬರಕೊಂಡ್ಲು, ಮ್ಯಾಲೆ ತಾರೀಖು ಹಾಕಿದ್ಲು. ಸಂಜಿಮುಂದ ನಮ್ಮವ್ವ ನನ್ನ ಕರದು ‘ಯಾವಾಗ ರೊಕ್ಕ ಕಟ್ಟಬೇಕು ಆ ಕಾಲೇಜಿಗೆ?’ ಅಂತ ಕೇಳಿದ್ಲು.

ಅಕ್ಕಾರ, ಹಾಸ್ಟೆಲಿಗೆ ಗಾದಿ ನಾವ ಒಯ್ಯಬೇಕೋ, ಅಲ್ಲೇ ಕೊಡತಾರೋ? ಮತ್ತ ಆ ನರ್ಸರಿಗೆ ಹೋಗೂಮುಂದ ಎಂಥಾ ನೋಟ್‌ಬುಕ್ ಬೇಕು, ಮಗಳು ಕೇಳಾಕತ್ಯಾಳ.

ಅಂಗನವಾಡಿ ಅಕ್ಕ, ಗದಗ

ನಮ್ಮ ಕಾಲಕ್ಕ ಗಾದಿ, ಬಕೀಟು, ತಂಬಿಗಿ ನಾವ ಒಯ್ದಿದ್ವಿ ಅಣ್ಣಾರ, ಹಾಸ್ಟೆಲಿಗೆ ಒಂದು ಫೋನ್ ಮಾಡಿ ಕೇಳ್ರಿ. ನೋಟ್‌ಬುಕ್ ಹೊಸಾದು ತರಬ್ಯಾಡ್ರಿ. ಅಜ್ಜಿ ಮಾತು ಬರಕೊಂಡಾಳಲ್ಲ, ಅದನ್ನ ತಗೊಂಡು ಬರಲಿ, ಅದರ ಮುಂದಿನ ಹಾಳಿಂದ ಶುರು ಮಾಡಲಿ.